ಕಂಟ್ರೋಲರ್ ಕನೆಕ್ಟೆಡ್ ಅಂತಿದೆ, ಪಿಂಗ್ ಮಾತ್ರ ಹೋಗುತ್ತಿಲ್ಲ

ಪ್ರಶ್ನೆ (ಮಂಡ್ಯ): ಕಾಲೇಜೊಂದರ ಲ್ಯಾಬ್ ನೋಡಿಕೊಳ್ಳುತ್ತೇನೆ. 24 ಪೋರ್ಟಿನ ಹಳೇ ಸ್ವಿಚ್ ಇದೆ, ಓಪನ್‌ಫ್ಲೋ 1.3 (ಹೊರಗಿನ ಕಂಟ್ರೋಲರ್ ಸ್ವಿಚ್ಚಿಗೆ ಆಜ್ಞೆ ಕೊಡುವ ಭಾಷೆ) ಬರುತ್ತದೆ. ಹುಡುಗರಿಗೆ ಎಸ್‌ಡಿಎನ್ (ಸಾಫ್ಟ್‌ವೇರ್‌ನಿಂದ ನೆಟ್‌ವರ್ಕ್ ನಡೆಸುವ ವಿಧಾನ) ತೋರಿಸೋಣ ಅಂತ ಒಂದು ಪಿಸಿಯಲ್ಲಿ ರಿಯು ಅನ್ನೋ ಕಂಟ್ರೋಲರ್ ಸಾಫ್ಟ್‌ವೇರ್ ಹಾಕಿದೆ. ವಿಲ್ಯಾನ್ 1ಕ್ಕೆ (ಒಂದೇ ಸ್ವಿಚ್ಚನ್ನು ಬೇರೆ ಬೇರೆ ನೆಟ್‌ವರ್ಕ್ ಮಾಡಿದಾಗ ಅದರ ಒಂದೊಂದು ಭಾಗ ವಿಲ್ಯಾನ್) ಓಪನ್‌ಫ್ಲೋ ಆನ್ ಮಾಡಿದ್ದೇ ತಡ, ಲ್ಯಾಬ್ ಪೂರ್ತಿ ಬಂದ್. ಸ್ವಿಚ್ಚಿಗೆ ನೆಟ್‌ವರ್ಕ್ ಮೂಲಕ ಲಾಗಿನ್ ಆಗುವ ಟೆಲ್ನೆಟ್ಟೂ ಇಲ್ಲ. ಆಫೀಸ್ ರೂಮಿನ ಇಂಟರ್ನೆಟ್ಟೂ ಇದೇ ಸ್ವಿಚ್ಚಿಂದ ಹೋಗೋದು, ಚೆನ್ನಾಗಿ ಬೈಸಿಕೊಂಡೆ. ಪವರ್ ತೆಗೆದು ಹಾಕಿದ ಮೇಲೆ ಸರಿಹೋಯಿತು. ಎಲ್ಲಿ ಎಡವಿದೆ?

ಉತ್ತರ (ಮೈಸೂರು, ನೆಟ್‌ವರ್ಕ್ ಎಂಜಿನಿಯರ್): ಕಾನ್ಫಿಗ್ ಸೇವ್ ಮಾಡದೇ ಇದ್ದದ್ದು ನಿಮ್ಮ ಪುಣ್ಯ.

ಮಂಡ್ಯದವರಿಗೆ ನಾಲೆ ಲೆಕ್ಕದಲ್ಲೇ ಹೇಳುತ್ತೇನೆ. ಮಾಮೂಲಿ ಸ್ವಿಚ್ಚು ಯಾವ ಮ್ಯಾಕ್ (ಪಿಸಿಯ ನೆಟ್‌ವರ್ಕ್ ಕಾರ್ಡಿನ ವಿಳಾಸ) ಯಾವ ಪೋರ್ಟಿನಲ್ಲಿದೆ ಅಂತ ತಾನೇ ಕಲಿತು ಕಳಿಸುತ್ತದೆ. ತೂಬೇ ಯೋಚನೆ ಮಾಡಿ ನೀರು ಬಿಟ್ಟ ಹಾಗೆ. ಓಪನ್‌ಫ್ಲೋ ಆನ್ ಮಾಡಿದರೆ ಆ ಯೋಚನೆಯೆಲ್ಲ ನೀರುಗಂಟಿ ಪಾಲು. ನಿಮ್ಮ ನೀರುಗಂಟಿ ಆ ರಿಯು. ಆದರೆ ರಿಯು ಪಿಸಿ ಕೂಡ ವಿಲ್ಯಾನ್ 1ರಲ್ಲೇ ಇತ್ತು ಅಲ್ವಾ? ಅಂದರೆ ನೀರುಗಂಟಿ ಬರುವ ದಾರಿಗೇ ಬೇಲಿ ಹಾಕಿದಿರಿ.

ಹೀಗೆ ಮಾಡಿ. ಪೋರ್ಟ್ 1 ಮತ್ತು 2 ವಿಲ್ಯಾನ್ 10ಕ್ಕೆ: ಒಂದರಲ್ಲಿ ರಿಯು ಪಿಸಿ, ಇನ್ನೊಂದರಲ್ಲಿ ನಿಮ್ಮ ಲ್ಯಾಪ್‌ಟಾಪ್. ಸ್ವಿಚ್ಚಿನ ಐಪಿಯೂ ಅಲ್ಲೇ ಇರಲಿ. 3ರಿಂದ 12ರವರೆಗೆ ವಿಲ್ಯಾನ್ 20, ಓಪನ್‌ಫ್ಲೋ ಇದಕ್ಕೆ ಮಾತ್ರ. ಆಫೀಸಿನ ವಿಲ್ಯಾನ್ 1ನ್ನು ಮುಟ್ಟಲೇಬೇಡಿ. ಕಂಟ್ರೋಲರ್ ವಿಳಾಸ ಕೊಡುವಾಗ ಟಿಸಿಪಿ ಪೋರ್ಟ್ ನಂಬರ್ (ಸ್ವಿಚ್ಚಿನ ಪೋರ್ಟ್ ಅಲ್ಲ) ನೋಡಿ, ಈಗಿನದು 6653, ಹಳೆಯದು 6633. ಎರಡೂ ಕಡೆ ಒಂದೇ ಇರಬೇಕು. ನೆಟ್‌ವರ್ಕ್ ಸತ್ತರೂ ಸ್ವಿಚ್ಚಿನ ಜೊತೆ ನೇರ ಮಾತಾಡಿಸುವ ಕನ್ಸೋಲ್ ಕೇಬಲ್ ಪಕ್ಕದಲ್ಲೇ ಇಟ್ಟುಕೊಂಡು ಕೂರಿ.

ಪ್ರಶ್ನೆ: ಹಾಗೇ ಮಾಡಿದೆ. ಆಫೀಸ್ ಸೇಫ್! ಸ್ವಿಚ್ಚು ‘ಕನೆಕ್ಟೆಡ್’ ಅಂತ ತೋರಿಸುತ್ತಿದೆ. ಆದರೆ ಪೋರ್ಟ್ 3ರಿಂದ 4ಕ್ಕೆ ಪಿಂಗ್ ಹೋಗುತ್ತಿಲ್ಲ. ಹುಡುಗರು ಓಪನ್‌ಫ್ಲೋ 1.0ಕ್ಕೆ ಬರೆದ ಕೋಡ್ ಮಿನಿನೆಟ್‌ನಲ್ಲಿ (ಕಂಪ್ಯೂಟರಿನೊಳಗೇ ನಕಲಿ ನೆಟ್‌ವರ್ಕ್ ಕಟ್ಟುವ ಸಾಫ್ಟ್‌ವೇರ್) ಓಡಿತ್ತು. ವರ್ಷನ್ ಸಾಲನ್ನು 1.3 ಅಂತ ಬದಲಾಯಿಸಿ ಅದನ್ನೇ ಹಾಕಿದ್ದೇವೆ.

ಉತ್ತರ: ಸಿಕ್ಕಿತು ಕಳ್ಳ. 2009ರ 1.0ದಲ್ಲಿ ಯಾವ ರೂಲ್‌ಗೂ ಹೊಂದದ ಪ್ಯಾಕೆಟ್ ಬಂದರೆ ಸ್ವಿಚ್ಚು ಅದನ್ನು ಕಂಟ್ರೋಲರ್‌ಗೆ ಕಳಿಸುತ್ತಿತ್ತು. 2012ರ 1.3ರಲ್ಲಿ ಹಾಗಿಲ್ಲ. ಗೊತ್ತಿಲ್ಲದ ಪ್ಯಾಕೆಟ್ಟನ್ನು ಸುಮ್ನೆ ಬಿಸಾಕುತ್ತದೆ. ‘ನಂಗೆ ಕಳಿಸು’ ಅಂತ ನೀವೇ ಬರೆದು ಕೊಡಬೇಕು. ಅದಕ್ಕೆ ಟೇಬಲ್-ಮಿಸ್ ಅನ್ನುತ್ತಾರೆ: ಪ್ರಯಾರಿಟಿ ಸೊನ್ನೆ (ಎಲ್ಲ ರೂಲ್‌ಗಿಂತ ಕೊನೆ), ಮ್ಯಾಚ್ ಖಾಲಿ (ಯಾವ ಪ್ಯಾಕೆಟ್ಟಾದರೂ ಹೊಂದುತ್ತದೆ), ಆ್ಯಕ್ಷನ್ ಕಂಟ್ರೋಲರ್. ಸ್ವಿಚ್ಚು ಕನೆಕ್ಟ್ ಆಗಿ ತನ್ನ ಫೀಚರ್ಸ್ ಹೇಳಿದ ಕೂಡಲೇ ಈ ಒಂದು ರೂಲ್ ಹೋಗಬೇಕು. ಈಗ ನಿಮ್ಮ ಪಿಂಗ್‌ಗೆ ಮೊದಲು ಹೊರಡುವ ಎಆರ್‌ಪಿಯೇ (‘ಈ ಐಪಿಯ ಮ್ಯಾಕ್ ಯಾವುದು’ ಅಂತ ಕೇಳುವ ಪ್ಯಾಕೆಟ್) ಸ್ವಿಚ್ಚಿನಲ್ಲಿ ಸಾಯುತ್ತಿದೆ. ರಿಯುಗೆ ಸುದ್ದಿಯೇ ಇಲ್ಲ, ಅದು ಪಾಪ ಕಾಯುತ್ತಾ ಕೂತಿದೆ.

ರಿಯು ಜೊತೆಗೇ ಬರುವ ‘ಸಿಂಪಲ್ ಸ್ವಿಚ್ 13’ ತೆರೆದು ನೋಡಿ, ಶುರುವಿನಲ್ಲೇ ಈ ರೂಲ್ ಇದೆ.

ಪ್ರಶ್ನೆ: ಸಾರ್, ಪಿಂಗ್ ಬಂತು! ಆದರೆ ದೊಡ್ಡ ಫೈಲ್ ಕಾಪಿ ಮಾಡಿದರೆ ಎತ್ತಿನಗಾಡಿ.

ಉತ್ತರ: ರಿಯು ಲಾಗ್ ನೋಡಿ. ಕಾಪಿ ನಡೆಯುತ್ತಿರುವಾಗ ಪ್ಯಾಕೆಟ್-ಇನ್ (ಸ್ವಿಚ್ಚು ಕಂಟ್ರೋಲರ್‌ಗೆ ಪ್ಯಾಕೆಟ್ ಕಳಿಸುವ ಸಂದೇಶ) ಸಾಲುಸಾಲು ಬರುತ್ತಿದ್ದರೆ, ಕೋಡು ಸ್ವಿಚ್ಚಿಗೆ ಫ್ಲೋ (ಅಂದರೆ ರೂಲ್) ಹಾಕದೆ ಒಂದೊಂದೇ ಪ್ಯಾಕೆಟ್ಟನ್ನು ಕೈಯಲ್ಲಿ ದಾಟಿಸುತ್ತಿದೆ ಅಂತ ಅರ್ಥ. ಲಾಗ್ ಸುಮ್ಮನಿದ್ದರೆ ತಪ್ಪು ಸ್ವಿಚ್ಚಿನದು. ಕೆಲವು ಹಳೇ ಸ್ವಿಚ್‌ಗಳ ಹಾರ್ಡ್‌ವೇರ್ ಟೇಬಲ್ಲಿಗೆ ಮ್ಯಾಕ್ ಮೇಲಿನ ಮ್ಯಾಚ್ ಹಿಡಿಸುವುದಿಲ್ಲ. ರೂಲ್ ಸಿಪಿಯು ಮೇಲೆ ಬೀಳುತ್ತದೆ, ಆಗ ಗಿಗಾಬಿಟ್ ಪೋರ್ಟ್ ಇದ್ದೂ ಪ್ರಯೋಜನವಿಲ್ಲ. ಐಪಿ ಮೇಲೆ ಮ್ಯಾಚ್ ಮಾಡಿ ಒಮ್ಮೆ ನೋಡಿ.

ಇನ್ನೊಬ್ಬರು (ಮೈಸೂರು): ನಮ್ಮ ಆಫೀಸಲ್ಲಿ 20 ಸಿಸ್ಟಮ್ ಇದೆ. ನಾವೂ ಓಪನ್‌ಫ್ಲೋ ಹಾಕಬಹುದಾ?

ಉತ್ತರ: ಯಾಕೆ? ನಿಮಗೆ ಎರಡು ವಿಲ್ಯಾನ್ ಜಾಸ್ತಿಯೇ ಆಯಿತು. ಕಲಿಯೋ ಆಸೆ ಇದ್ದರೆ ಲ್ಯಾಪ್‌ಟಾಪಿನಲ್ಲಿ ಮಿನಿನೆಟ್ ಹಾಕಿ, ದುಡ್ಡು ಕೊಡಬೇಕಿಲ್ಲ.

ಪ್ರಶ್ನೆ (ಮಂಡ್ಯ): ಐಪಿ ಮ್ಯಾಚ್ ಹಾಕಿದೆ, ಕಾಪಿ ಸರಸರ ಆಗುತ್ತಿದೆ. ಹೊಸ ತಲೆನೋವು: ಇವತ್ತು ಕರೆಂಟ್ ಹೋಗಿ ಬಂದ ಮೇಲೆ ವಿಲ್ಯಾನ್ 20 ಮತ್ತೆ ಸತ್ತಿದೆ.

ಉತ್ತರ: ಸ್ವಿಚ್ಚು ತಾನೇ ಎದ್ದಿತು, ರಿಯು ಪಿಸಿ ಏಳಲಿಲ್ಲ. ಫೇಲ್-ಸೆಕ್ಯೂರ್ ಮೋಡಿನಲ್ಲಿದ್ದರೆ ನೀರುಗಂಟಿ ಎದ್ದುಹೋದರೂ ಹಾಕಿದ ಫ್ಲೋಗಳು ಅವಧಿ ಮುಗಿಯುವವರೆಗೆ ಇರುತ್ತವೆ. ಆದರೆ ರೀಬೂಟ್ ಆದ ಸ್ವಿಚ್ಚಿನ ಟೇಬಲ್ ಖಾಲಿ, ಎಲ್ಲ ತೂಬೂ ಮುಚ್ಚಿದ ಹಾಗೆ. ಫೇಲ್-ಸ್ಟ್ಯಾಂಡಲೋನ್‌ಗೆ ಬದಲಾಯಿಸಿದರೆ ಕಂಟ್ರೋಲರ್ ಇಲ್ಲದಾಗ ಮಾಮೂಲಿ ಸ್ವಿಚ್ಚಿನಂತೆ ನಡೆಯುತ್ತದೆ. ಪಾಠಕ್ಕೆ ಮಾತ್ರ ನಾನಾದರೆ ಸೆಕ್ಯೂರಲ್ಲೇ ಬಿಡುತ್ತೇನೆ, ಕಂಟ್ರೋಲರ್ ಇಲ್ಲ ಅನ್ನೋದು ಹುಡುಗರ ಕಣ್ಣಿಗೆ ಬೀಳಲಿ. ಪಿಸಿಯ ಬಯೋಸ್‌ನಲ್ಲಿ ಕರೆಂಟ್ ಬಂದೊಡನೆ ಆನ್ ಆಗುವ ಸೆಟ್ಟಿಂಗ್ ಹಾಕಿ. ಯುಪಿಎಸ್ ಇದೆಯಾ?

ಪ್ರಶ್ನೆ: ಒಂದಿದೆ ಸಾರ್. ಆಫೀಸ್ ರೂಮಲ್ಲಿ, ಪ್ರಿಂಟರ್‌ಗೆ ಹಾಕಿದ್ದಾರೆ.