ಬೆಸ ಸಂಖ್ಯೆ 2ರಿಂದ ಭಾಗವಾಗುತ್ತದೆ ಅಂತ ತೋರಿಸುತ್ತಿದೆ, ಪೈಥಾನ್‌ನಲ್ಲಿ ತಪ್ಪು ಎಲ್ಲಿ?

ಕೋಥ್ರೂಡ್ ಕನ್ನಡಿಗ, ಪುಣೆ:
ಎಲ್ಲರಿಗೂ ನಮಸ್ಕಾರ. ದಿನಾ ಆಫೀಸಿಗೆ ಹೋಗುವಾಗ ಫರ್ಗ್ಯುಸನ್ ಕಾಲೇಜು ದಾಟಿ ಹೋಗುತ್ತೇನೆ. 6174 ಎಂಬ ಸಂಖ್ಯೆಯ ವಿಶೇಷ ಕಂಡುಹಿಡಿದ ಗಣಿತಜ್ಞ ಕಾಪ್ರೇಕರ್ ಓದಿದ್ದು ಅಲ್ಲೇ. ಅದು ಗೊತ್ತಾದಾಗಿನಿಂದ ನನಗೂ ಸಂಖ್ಯೆಗಳ ಹುಚ್ಚು ಹಿಡಿದಿದೆ.

ಈಗ ಹಿಡಿದಿರುವುದು 2ರ 67ನೇ ಘಾತದಲ್ಲಿ 1 ಕಳೆದರೆ ಬರುವ 147573952589676412927. ಅಪವರ್ತನ ಹುಡುಕಲು ಪೈಥಾನ್‌ನಲ್ಲಿ ಸಣ್ಣ ಪ್ರೋಗ್ರಾಂ ಬರೆದೆ. 2ರಿಂದ ಶುರು ಮಾಡಿ ಒಂದೊಂದರಿಂದಲೂ / ಹಾಕಿ ಭಾಗಿಸುತ್ತದೆ. ಉತ್ತರದಲ್ಲಿ ದಶಮಾಂಶ ಇಲ್ಲದಿದ್ದರೆ ಅಪವರ್ತನ ಅಂತ ಬರೆಯುತ್ತದೆ. ಆದರೆ 2, 3, 4, 5 ಎಲ್ಲವನ್ನೂ ಬರೆಯುತ್ತಿದೆ! ಕೊನೆಯ ಅಂಕಿ 7, ಅಂಕಿಗಳ ಮೊತ್ತ 109. 2 ಆಗಲ್ಲ, 3 ಕೂಡ ಆಗಲ್ಲ, ಅಲ್ವಾ? ಎರಡು ರಾತ್ರಿ ಕೂತರೂ ತಪ್ಪು ಸಿಗಲಿಲ್ಲ.

ಡೊಂಬಿವಲಿ ಲೆಕ್ಕಿಗ, ಮುಂಬೈ ಕಡೆ:
ಸರ್, ತಪ್ಪು ಆ / ಗುರುತಿನಲ್ಲೇ ಇದೆ. ಪೂರ್ಣಾಂಕ ಎಷ್ಟೇ ದೊಡ್ಡದಿರಲಿ, ಪೈಥಾನ್ ಅದನ್ನು ಸರಿಯಾಗಿ ಇಟ್ಟುಕೊಳ್ಳುತ್ತದೆ. ಆದರೆ / ಹಾಕಿದರೆ ಉತ್ತರ ಫ್ಲೋಟ್, ಅಂದರೆ ದಶಮಾಂಶ ಸಂಖ್ಯೆ ಆಗುತ್ತದೆ. ಫ್ಲೋಟ್‌ನ ಅಂಕಿಗಳಿಗೆ ಸಿಗುವುದು 53 ಬಿಟ್ (0 ಅಥವಾ 1 ಇಡುವ ಜಾಗ) ಮಾತ್ರ. ಉತ್ತರ 2ರ 52ನೇ ಘಾತ, ಅಂದರೆ 4503599627370496 ದಾಟಿತು ಅಂದರೆ ದಶಮಾಂಶಕ್ಕೆ ಜಾಗವೇ ಉಳಿಯುವುದಿಲ್ಲ. ನಿಮ್ಮ ಸಂಖ್ಯೆ 67 ಬಿಟ್ಟಿನದು. ಹಾಗಾಗಿ 2ರ 15ನೇ ಘಾತ, ಅಂದರೆ 32768ರವರೆಗೆ ಯಾವುದರಿಂದ ಭಾಗಿಸಿದರೂ ಪೂರ್ಣಾಂಕವೇ ಕಾಣುತ್ತದೆ. / ತೆಗೆದು, ಶೇಷ ಕೊಡುವ % ಹಾಕಿ, ಶೇಷ 0 ಇದೆಯಾ ನೋಡಿ.

ಕೋಥ್ರೂಡ್ ಕನ್ನಡಿಗ:
ಸರಿಹೋಯಿತು, ತುಂಬಾ ಥ್ಯಾಂಕ್ಸ್! ಆದರೆ ಈಗ ಸುಮ್ನೆ ಓಡುತ್ತಲೇ ಇದೆ, ಒಂದೂ ಸಿಗುತ್ತಿಲ್ಲ. ಇದು ಅವಿಭಾಜ್ಯವೇ ಇರಬಹುದಾ?

ಡೊಂಬಿವಲಿ ಲೆಕ್ಕಿಗ:
ಅಲ್ಲ ಸರ್. 1644ರಲ್ಲಿ ಫ್ರಾನ್ಸಿನ ಮರ್ಸೆನ್ ಇಂಥ ಸಂಖ್ಯೆಗಳ ಪಟ್ಟಿ ಮಾಡಿದಾಗ ಇದನ್ನು ಅವಿಭಾಜ್ಯ ಅಂತಲೇ ಸೇರಿಸಿದ್ದರು. 1876ರಲ್ಲಿ ಫ್ರೆಂಚ್ ಗಣಿತಜ್ಞ ಲೂಕಾ ಅದು ತಪ್ಪು ಅಂತ ತೋರಿಸಿದರು, ಅದೂ ಒಂದೇ ಒಂದು ಅಪವರ್ತನ ಕೈಯಲ್ಲಿಲ್ಲದೆ! ನನಗೆ ಈ ಸಂಖ್ಯೆಯಲ್ಲಿ ಎಲ್ಲಕ್ಕಿಂತ ಇಷ್ಟವಾಗುವ ಸಂಗತಿ ಇದೇ. ಅಪವರ್ತನಗಳು ಸಿಕ್ಕಿದ್ದು 1903ರಲ್ಲಿ, ಅಮೆರಿಕದ ಫ್ರಾಂಕ್ ನೆಲ್ಸನ್ ಕೋಲ್ ಅವರಿಗೆ. ಆಗ ಕಂಪ್ಯೂಟರ್ ಎಲ್ಲಿತ್ತು?

ಎಲ್ಲಾ ಸಂಖ್ಯೆ ನೋಡಬೇಡಿ. 67 ಅವಿಭಾಜ್ಯವಾದ್ದರಿಂದ, ಅಪವರ್ತನ ಯಾವುದಾದರೂ 67ರ ಎರಡರಷ್ಟು, ಅಂದರೆ 134ರಿಂದ ಭಾಗಿಸಿದಾಗ 1 ಉಳಿಯಲೇಬೇಕು. ಜೊತೆಗೆ 8ರಿಂದ ಭಾಗಿಸಿದರೆ ಶೇಷ 1 ಅಥವಾ 7 ಬರಬೇಕು. 135ರಿಂದ ಶುರು ಮಾಡಿ 134, 134 ಕೂಡಿಸುತ್ತಾ ಹೋಗಿ. ಉತ್ತರ ನಾನು ಹೇಳುವುದಿಲ್ಲ, ನೀವೇ ಕಂಡುಹಿಡಿಯಬೇಕು.

ಕೋಥ್ರೂಡ್ ಕನ್ನಡಿಗ:
ಸಿಕ್ಕಿತು! 193707721. ಸುಮಾರು 14 ಲಕ್ಷ 45 ಸಾವಿರ ಹೆಜ್ಜೆ ಅಷ್ಟೇ, ಕಾಫಿಗೆ ಏಳುವಷ್ಟರಲ್ಲಿ ಬಂದುಬಿಟ್ಟಿತು. ಇನ್ನೊಂದು 761838257287. ಮಗಳು ನೋಟ್‌ಬುಕ್ ತಂದಿದ್ದಾಳೆ, ಎರಡನ್ನೂ ಕೈಯಲ್ಲೇ ಗುಣಿಸಿ ನೋಡುತ್ತಿದ್ದೇವೆ.