ದೀಪಾ ಕರ್ಮಾಕರ್‌ಗೆ ರಿಯೋದಲ್ಲಿ ಕಂಚು ತಪ್ಪಿದ್ದು ಪ್ರೊಡುನೋವಾದಿಂದಲೇ?

ಅಂಗಳದಾಚೆ:
2016ರ ರಿಯೋ ಒಲಿಂಪಿಕ್ಸ್‌ನ ಜಿಮ್ನಾಸ್ಟಿಕ್ಸ್ ವಾಲ್ಟ್ (ಓಡಿ ಬಂದು ಟೇಬಲ್ ಮೇಲೆ ಕೈಯಿಟ್ಟು ಚಿಮ್ಮಿ ಲಾಗ ಹಾಕುವ ಸ್ಪರ್ಧೆ) ಫೈನಲ್‌ನಲ್ಲಿ ಭಾರತದ ದೀಪಾಗೆ 15.066 ಅಂಕ, ಕಂಚು ಗೆದ್ದ ಸ್ವಿಟ್ಜರ್ಲೆಂಡಿನ ಜೂಲಿಯಾ ಸ್ಟೈನ್‌ಗ್ರೂಬರ್‌ಗೆ 15.216. ಮುಂದಕ್ಕೆ ಎರಡು ಲಾಗ ಹಾಕುವ ಪ್ರೊಡುನೋವಾ ವಾಲ್ಟ್‌ನಲ್ಲಿ ಇಳಿಯುವಾಗ ತೀರಾ ಕುಕ್ಕರಗಾಲಿಗೆ ಹೋಗಿದ್ದಕ್ಕೇ ಪದಕ ಕೈಬಿಟ್ಟಿತು ಅಂತಾರೆ. ನಿಜಾನಾ? ಅಷ್ಟು ಅಪಾಯದ್ದು ಬಿಟ್ಟು ಸುಲಭದ್ದೊಂದು ಮಾಡಿದ್ದರೆ ಆಗ್ತಿರಲಿಲ್ವಾ?

ಲೆಕ್ಕದಪುಸ್ತಕ:
ಅರ್ಧ ನಿಜ. ಫೈನಲ್‌ನಲ್ಲಿ ಎರಡು ಬೇರೆ ಬೇರೆ ಬಗೆಯ ವಾಲ್ಟ್ ಮಾಡಬೇಕು, ಅವುಗಳ ಸರಾಸರಿಯೇ ಅಂಕ. ಮೊದಲನೆಯದು ಸುಕಹಾರ ಡಬಲ್ ಟ್ವಿಸ್ಟ್ (ಹಿಂದಕ್ಕೆ ಲಾಗ ಹಾಕುತ್ತಾ ಎರಡು ಸುತ್ತು ತಿರುಗುವುದು): ಕಠಿಣತೆಗೆ 6.0, ನಿರ್ವಹಣೆಗೆ 10ಕ್ಕೆ 8.866, ಒಟ್ಟು 14.866. ಎರಡನೆಯದು ಪ್ರೊಡುನೋವಾ: 7.0 ಮತ್ತು 8.266, ಒಟ್ಟು 15.266. ಅಂದರೆ ಜನ ಬೈಯುವ ವಾಲ್ಟೇ ಅವತ್ತು ಹೆಚ್ಚು ಅಂಕ ತಂದಿದ್ದು!

ಕಠಿಣತೆಯ ಸರಾಸರಿಯಲ್ಲಿ ದೀಪಾ 6.5, ಸ್ಟೈನ್‌ಗ್ರೂಬರ್ 6.0. ಅರ್ಧ ಅಂಕ ಮುಂದಿದ್ದರೂ ನಿರ್ವಹಣೆಯಲ್ಲಿ 0.65 ಹಿಂದೆ ಬಿದ್ದರು. ಸರಾಸರಿಯ 0.150 ಅಂದರೆ ಎರಡೂ ವಾಲ್ಟ್ ಕೂಡಿಸಿ 0.3. ಇಳಿದಾಗ ಇಡುವ ಒಂದು ದೊಡ್ಡ ಹೆಜ್ಜೆಗೆ ಕಡಿತವಾಗುವುದೂ ಅಷ್ಟೇ. ಕುಕ್ಕರಗಾಲಿಗೆ 0.5, ಬಿದ್ದರೆ 1.0.

ಪ್ರೊಡುನೋವಾ ಬದಲಿಗೆ ಕಠಿಣತೆ 6.2ರ ವಾಲ್ಟ್ ಮಾಡಿದ್ದರೆ 15.266 ಮುಟ್ಟಲು ನಿರ್ವಹಣೆಯಲ್ಲಿ 9.066 ಬೇಕಿತ್ತು. ಅವತ್ತು ಅವರ ಯಾವ ವಾಲ್ಟೂ 9 ದಾಟಲಿಲ್ಲ. ಹಾಗಾಗಿ ಆಯ್ಕೆ ಸರಿಯೇ ಇತ್ತು. ನನ್ನ ಪ್ರಕಾರ ಕಂಚು ಸೋರಿದ್ದು ಸುಕಹಾರದಲ್ಲೂ ಹೌದು, ಅಲ್ಲಿ 1.134 ಹೋಗಿದೆ, ಅದನ್ನ ಯಾರೂ ಮಾತಾಡಲ್ಲ.

ಮ್ಯಾಟ್‌ಮೇಲೆ:
ಲೆಕ್ಕ ಸರಿ. ಆ ಕುಕ್ಕರಗಾಲು ಯಾಕೆ ಬರುತ್ತೆ ಅನ್ನೋದನ್ನ ಸೇರಿಸ್ತೀನಿ. ಓಟಕ್ಕೆ ಸಿಗೋದು 25 ಮೀಟರ್, ವಾಲ್ಟ್ ಟೇಬಲ್ ಎತ್ತರ 125 ಸೆಂ.ಮೀ. ಸ್ಪ್ರಿಂಗ್‌ಬೋರ್ಡ್‌ನಿಂದ ಚಿಮ್ಮಿ, ಎರಡೂ ಕೈ ಒಟ್ಟಿಗೆ ಟೇಬಲ್ ಮೇಲಿಟ್ಟು, ಮೊಣಕೈ ಮಡಚದೆ ಭುಜದಿಂದ ತಳ್ಳಬೇಕು. ಆಮೇಲೆ ಮಂಡಿ ಎದೆಗೆಳೆದುಕೊಂಡು ಮುಂದಕ್ಕೆ ಎರಡು ಲಾಗ. ಮೊಣಕೈ ಸ್ವಲ್ಪ ಮಡಚಿತೋ, ಕೈ ಟೇಬಲ್ ಮೇಲೆ ಒಂದು ಕ್ಷಣ ಹೆಚ್ಚು ನಿಂತಿತೋ, ಎತ್ತರ ಹೋಯ್ತು. ಎತ್ತರ ಇಲ್ಲದಿದ್ದರೆ ಎರಡನೇ ಲಾಗ ಮುಗಿಸೋಕೆ ಕೊನೇ ತನಕ ಮುದುಡಿಕೊಂಡೇ ಇರಬೇಕು, ಕಾಲು ಚಾಚೋಕೆ ಸಮಯ ಸಿಗಲ್ಲ. ಮಂಡಿ ಮಡಚಿರುವಾಗಲೇ ಪಾದ ನೆಲ ಮುಟ್ಟುತ್ತೆ, ಹಿಂಭಾಗ ಮ್ಯಾಟ್ ಹತ್ತಿರಕ್ಕೆ ಬರುತ್ತೆ.

ಇನ್ನೊಂದು ತೊಂದರೆ: ಹಿಂದಕ್ಕೆ ಲಾಗ ಹಾಕಿದರೆ ಇಳಿಯೋ ಮುಂಚೆ ಮ್ಯಾಟ್ ಕಣ್ಣಿಗೆ ಬೀಳುತ್ತೆ. ಮುಂದಕ್ಕಾದರೆ ಕಾಣಲ್ಲ. ಬಿಚ್ಚೋ ಕ್ಷಣವನ್ನ ಅಂದಾಜಿನ ಮೇಲೇ ಹಿಡಿಯಬೇಕು. ಲಾಗ ಪೂರ್ತಿಯಾಗದಿದ್ದರೆ ಬೆನ್ನು ಅಥವಾ ಕುತ್ತಿಗೆ ಮೇಲೆ ಬೀಳೋ ಭಯ. ಅದಕ್ಕೇ ಮೊದಲು ಟ್ರ್ಯಾಂಪೊಲಿನ್, ಆಮೇಲೆ ಫೋಮ್ ಗುಂಡಿ, ಆಮೇಲೆ ಎತ್ತರಕ್ಕೆ ಪೇರಿಸಿದ ಮೆತ್ತನೆ ಮ್ಯಾಟ್, ಕೊನೆಗೆ ಸ್ಪರ್ಧೆಯ ಮ್ಯಾಟ್. ಈ ಸಾಲು ತಪ್ಪಿಸಬಾರದು. ಅದೇ ಫೈನಲ್‌ನಲ್ಲಿ 41ರ ಒಕ್ಸಾನಾ ಚುಸೊವಿಟಿನಾ ಕೂಡ ಪ್ರೊಡುನೋವಾ ಮಾಡಿ 7ನೇ ಸ್ಥಾನ ಪಡೆದರು.

ಅಂಗಳದಾಚೆ:
ಧನ್ಯವಾದ. ದೀಪಾಗೆ ಚಪ್ಪಟೆ ಪಾದ ಇತ್ತು ಅಂತಾರಲ್ಲ, ಆ ಕಥೆ ಏನು? ಮತ್ತೆ ರಿಯೋ ಆದಮೇಲೆ ಪ್ರೊಡುನೋವಾ ಯಾಕೆ ಕಡಿಮೆ ಕಂಡಿತು?

ಲೆಕ್ಕದಪುಸ್ತಕ:
ಪಾದದ ಕಮಾನು ಇಲ್ಲದಿದ್ದರೆ ಚಿಮ್ಮುವಿಕೆ ಕಡಿಮೆ, ಇಳಿಯುವಾಗಲೂ ಕಷ್ಟ. ಅಗರ್ತಲಾದಲ್ಲಿ ಕೋಚ್ ಬಿಶ್ವೇಶ್ವರ್ ನಂದಿ ಮೊದಲು ದುಡಿದದ್ದು ಅದರ ಮೇಲೇ.

ಎರಡನೆಯದಕ್ಕೆ: 2017ರ ನಿಯಮಾವಳಿಯಲ್ಲಿ ಪ್ರೊಡುನೋವಾದ ಕಠಿಣತೆ 7.0ರಿಂದ 6.4ಕ್ಕೆ ಇಳಿಯಿತು. ಸ್ಟೈನ್‌ಗ್ರೂಬರ್ ಮಾಡುತ್ತಿದ್ದ ರೂಡಿ ಎಂಬ ವಾಲ್ಟ್‌ನದು 6.2ರಿಂದ 5.8ಕ್ಕೆ. ಎರಡಕ್ಕೂ ಕತ್ತರಿ, ಪ್ರೊಡುನೋವಾಗೆ ಜಾಸ್ತಿ. ಅದೇ ವರ್ಷ ದೀಪಾ ಮಂಡಿಯ ಎಸಿಎಲ್‌ಗೆ (ಮಂಡಿಯೊಳಗಿನ ಅಸ್ಥಿರಜ್ಜು) ಶಸ್ತ್ರಚಿಕಿತ್ಸೆ. 2018ರಲ್ಲಿ ಮರಳಿ ಬಂದು ಟರ್ಕಿಯ ಮರ್ಸಿನ್ ವಿಶ್ವ ಚಾಲೆಂಜ್ ಕಪ್‌ನಲ್ಲಿ ವಾಲ್ಟ್ ಚಿನ್ನ. ನಡುವೆ ಹೈಜೆನಮಿನ್ ಎಂಬ ನಿಷೇಧಿತ ಉದ್ದೀಪನ ಮದ್ದಿನ ಪ್ರಕರಣದ 21 ತಿಂಗಳ ನಿಷೇಧ 2023ರ ಜುಲೈಗೆ ಮುಗಿಯಿತು. 2024ರ ಮೇನಲ್ಲಿ ತಾಷ್ಕೆಂಟ್‌ನ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ 13.566ಕ್ಕೆ ಚಿನ್ನ, ಅಕ್ಟೋಬರ್‌ನಲ್ಲಿ ನಿವೃತ್ತಿ.