ಸುನಾಮಿ ಸಂದರ್ಭದಲ್ಲಿ ‘ಎಚ್ಚರಿಕೆ’ ಮತ್ತು ‘ತೆರವು’: ಸರಿಯಾದ ಪದಗಳು ಯಾವುವು?

ಹೈದರಾಬಾದಿನಲ್ಲಿ 2007ರಿಂದ ಕೆಲಸ ಮಾಡುತ್ತಿರುವ ಭಾರತೀಯ ಸುನಾಮಿ ಮುನ್ನೆಚ್ಚರಿಕೆ ಕೇಂದ್ರವು ಅಪಾಯವನ್ನು ‘ವಾರ್ನಿಂಗ್’, ‘ಅಲರ್ಟ್’, ‘ವಾಚ್’ ಎಂದು ಮೂರು ಮಟ್ಟಗಳಲ್ಲಿ ಸಾರುತ್ತದೆ. ಮೊದಲನೆಯದು ಬಂದರೆ ಕರಾವಳಿಯ ಜನ ಎತ್ತರದ ಜಾಗಕ್ಕೆ ಹೋಗಬೇಕು. ಎರಡನೆಯದಕ್ಕೆ ಕಡಲ ದಂಡೆಯಿಂದ ದೂರ ಸರಿಯಬೇಕು. ಮೂರನೆಯದಕ್ಕೆ ಜನರು ಕೂಡಲೇ ಏನನ್ನೂ ಮಾಡಬೇಕಾಗಿಲ್ಲ. ಕನ್ನಡಕ್ಕೆ ತರುವಾಗ ಈ ಮೂರೂ ‘ಎಚ್ಚರಿಕೆ’ ಎಂಬ ಒಂದೇ ಪದದಲ್ಲಿ ಕರಗಿಹೋಗುವ ಅಪಾಯವಿದೆ. ‘ಮುನ್ನೆಚ್ಚರಿಕೆ’ಯಿಂದಲೂ ತೊಡಕು ಬಗೆಹರಿಯದು, ಏಕೆಂದರೆ ಮೊದಲೇ ಕೊಡುವ ಸೂಚನೆಗೂ ಮೊದಲೇ ವಹಿಸುವ ಜಾಗ್ರತೆಗೂ ನಾವು ಅದನ್ನೇ ಬಳಸುತ್ತೇವೆ. ‘ಎಚ್ಚರಿಕೆ’ಯನ್ನು ಮೊದಲ ಮಟ್ಟಕ್ಕೆ ಮಾತ್ರ ಮೀಸಲಿಟ್ಟು, ಉಳಿದೆರಡನ್ನು ‘ಜಾಗ್ರತೆ’, ‘ನಿಗಾ’ ಎನ್ನಬಹುದೇ?

ಇದಕ್ಕಿಂತ ನನ್ನನ್ನು ಹೆಚ್ಚು ಕಾಡುತ್ತಿರುವುದು, ಜನರನ್ನು ಅಪಾಯದ ಜಾಗದಿಂದ ಹೊರಗೆ ಕಳಿಸುವುದಕ್ಕೆ ಬಳಸುವ ‘ತೆರವುಗೊಳಿಸು’ ಎಂಬ ಪ್ರಯೋಗ. ‘ಒತ್ತುವರಿ ತೆರವು’ ಎಂಬುದನ್ನು ದಿನವೂ ಕೇಳುವ ನಮಗೆ ಆ ಪದದಲ್ಲಿ ಮನೆ ಕಳೆದುಕೊಳ್ಳುವ ಭಯ ಅಡಗಿದೆ. ಕಡಲಂಚಿನಲ್ಲಿ ಹಕ್ಕುಪತ್ರವಿಲ್ಲದೆ ಬದುಕುತ್ತಿರುವ ಮೀನುಗಾರ ಕುಟುಂಬವೊಂದು ಅದನ್ನು ಹೇಗೆ ಅರ್ಥ ಮಾಡಿಕೊಂಡೀತು? ‘ಸ್ಥಳಾಂತರ’ದಲ್ಲಿಯೂ ಕೆಲವೇ ಗಂಟೆಗಳಲ್ಲಿ ಮರಳಿ ಬರುತ್ತೇವೆಂಬ ಸೂಚನೆಯಿಲ್ಲ. ಇನ್ನೊಂದು ದೋಷ ವ್ಯಾಕರಣದ್ದು. ‘ತೆರವುಗೊಳಿಸಲಾಗುವುದು’ ಎಂದಾಗ ಕೆಲಸ ಮಾಡುವವರು ಬೇರೆ ಯಾರೋ ಆಗುತ್ತಾರೆ, ಜನರು ಸಾಗಿಸಲ್ಪಡುವ ಸಾಮಾನಿನಂತಾಗುತ್ತಾರೆ. ಹಾಗೆ ಕೇಳಿಸಿಕೊಂಡವರು ವಾಹನಕ್ಕಾಗಿ ಕಾಯುತ್ತ ನಿಂತರೆ ತಪ್ಪು ಅವರದಲ್ಲ. ಭೂಕಂಪ ಸಮೀಪದಲ್ಲೇ ಆದರೆ ಮೊದಲ ಅಲೆ ಕೆಲವೇ ನಿಮಿಷಗಳಲ್ಲಿ ದಡ ಮುಟ್ಟಬಲ್ಲದು.

ಜಪಾನಿನ ಸಾನ್‌ರಿಕು ತೀರದಲ್ಲಿ ‘ತೆಂದೆಂಕೊ’ ಎಂಬ ಆಡುಮಾತಿದೆ. ಯಾರಿಗೂ ಕಾಯದೆ ಅವರವರೇ ಎತ್ತರಕ್ಕೆ ಓಡಬೇಕು, ಮನೆಯವರೂ ಹಾಗೆಯೇ ಓಡಿರುತ್ತಾರೆಂದು ನಂಬಬೇಕು ಎಂಬುದು ಅದರ ಆಶಯ. 2024ರ ಜನವರಿ 1ರಂದು ಅದೇ ದೇಶದ ನೋಟೋದಲ್ಲಿ ಭೂಕಂಪವಾದಾಗ ಅಲ್ಲಿನ ಸಾರ್ವಜನಿಕ ಪ್ರಸಾರ ಸಂಸ್ಥೆ ಎನ್‌ಎಚ್‌ಕೆಯ ವಾರ್ತಾವಾಚಕಿಯೊಬ್ಬರು ಎಂದಿನ ವಿನಯದ ಧಾಟಿಯನ್ನು ಬದಿಗಿಟ್ಟು, ಈಗಲೇ ಓಡಬೇಕೆಂದು ಏರುದನಿಯಲ್ಲಿ ಕೂಗಿ ಹೇಳಿದರು. ನಮ್ಮ ಪ್ರಕಟಣೆಗಳ ‘ತೆರಳಬೇಕೆಂದು ಕೋರಲಾಗಿದೆ’ ಎಂಬ ಕರ್ಮಣಿ ವಾಕ್ಯದಲ್ಲಿ ಆ ತುರ್ತು ಹುಟ್ಟುವುದಿಲ್ಲ. ‘ಗುಡ್ಡ ಹತ್ತಿ’ ಎಂಬ ಎರಡು ಪದಗಳೇ ಹೆಚ್ಚು ಕೆಲಸ ಮಾಡಿಯಾವು ಎಂದು ನನಗನಿಸುತ್ತದೆ.

ಕುಂದಾಪುರ, ಭಟ್ಕಳ, ಕಾರವಾರ ಕಡೆಯ ಮೀನುಗಾರರ ಮಾತನ್ನು ಬಲ್ಲವರಲ್ಲಿ ನನ್ನ ವಿನಂತಿಯಿಷ್ಟು: ಕಡಲು ದಿನನಿತ್ಯದ ಇಳಿತವನ್ನು ಮೀರಿ ಹಠಾತ್ತನೆ ಹಿಂದಕ್ಕೆ ಸರಿಯುವುದಕ್ಕೆ, ಮತ್ತು ಎಲ್ಲವನ್ನೂ ಬಿಟ್ಟು ತಾವಾಗಿಯೇ ಎತ್ತರಕ್ಕೆ ಓಡುವುದಕ್ಕೆ ಅಲ್ಲಿ ಬಳಕೆಯ ಪದಗಳಿವೆಯೇ?